ಗೇಟು ಹಾಕಿದ ದಿನ

ನನ್ನ ಗಂಡ ಹಸನ್ ಜೊತೆ ನಾನು ಬಾಳಿದ್ದು ಒಂದು ವರ್ಷ ಒಂದು ತಿಂಗಳು. ಅಷ್ಟರಲ್ಲಿ ಅವರು ಬೆಳಗಿನಿಂದ ಸಂಜೆಯವರೆಗೆ ನನ್ನ ಪಕ್ಕದಲ್ಲಿ ಕೂತಿದ್ದು ಒಂದೇ ಒಂದು ದಿನ. ಲಾರಿ ಡ್ರೈವರನನ್ನು ಕಟ್ಟಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಕು ಹರಿಯುವ ಮುಂಚೆ ಹೋಗುವರು, ಬಂದರೆ ತಟ್ಟೆಯ ಮುಂದೆಯೇ ತೂಕಡಿಸುವರು. ಮಾತಾಡೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಗೊರಕೆ ಕೇಳುತ್ತಿತ್ತು. ಆ ಒಂದು ದಿನವನ್ನು ನನಗೆ ಕೊಟ್ಟದ್ದು ಎಸ್ಟೇಟಿನ ಗೇಟು.

ನಮ್ಮ ಊರು ಕೆಳಕೊಪ್ಪ, ಜಾವಳಿಯಿಂದ ನಾಲ್ಕು ಮೈಲಿ. ನಲವತ್ತು ಮನೆ. ಮೊದಲು ಹಳ್ಳದ ದಂಡೆಯ ಮೇಲೆ ನಮಗೆ ನಮ್ಮದೇ ದಾರಿಯಿತ್ತು. ಅರವತ್ತೇಳರ ಮಳೆಗೆ ಅದು ಕುಸಿದು ಹೋಯಿತು. ಅಲ್ಲಿಂದ ಮುಂದೆ ಊರಿನವರೆಲ್ಲ ಪರಮೇಶ್ವರಪ್ಪನವರ ಕಾಫಿ ಎಸ್ಟೇಟಿನ ಒಳಗಿನ ರಸ್ತೆಯಲ್ಲೇ ಓಡಾಡತೊಡಗಿದೆವು. ದೊಡ್ಡ ಮನುಷ್ಯರು, ಬೇಡ ಎನ್ನಲಿಲ್ಲ. ಎಪ್ಪತ್ತರ ಕೊನೆಯಲ್ಲಿ ಮಾತ್ರ ಒಂದು ಎಡವಟ್ಟಾಯಿತು. ತಾಲ್ಲೂಕಿನ ಅಭಿವೃದ್ಧಿ ಬ್ಲಾಕಿನವರು ಯಾರನ್ನೂ ಕೇಳದೆ ಆ ರಸ್ತೆಯ ಗುಂಡಿಗಳಿಗೆ ಎರಡು ಲೋಡು ಜಲ್ಲಿ ಸುರಿದು ಹೋದರು. ಸರ್ಕಾರದ ಕಲ್ಲು ಬಿದ್ದ ರಸ್ತೆ ಸರ್ಕಾರದ್ದೇ ಆಗಿಬಿಡುತ್ತದೆ ಎಂದು ಯಾರೋ ಪರಮೇಶ್ವರಪ್ಪನವರ ಕಿವಿ ಕಚ್ಚಿದರು. ಅವರು ಗಾಬರಿಯಿಂದ ವಕೀಲರ ಹತ್ತಿರ ಓಡಿದರು. ವಕೀಲರು, ಒಂದು ದಿನ ಗೇಟಿಗೆ ಬೀಗ ಹಾಕಿ ಎಲ್ಲರನ್ನೂ ತಡೆಯಿರಿ, ರಸ್ತೆ ನಿಮ್ಮದೆಂದು ತೋರಿಸಿದಂತಾಗುತ್ತದೆ ಎಂದರಂತೆ.

ಅವರು ಆರಿಸಿಕೊಂಡ ದಿನ ಎಪ್ಪತ್ತೊಂದರ ಜನವರಿ ಹನ್ನೆರಡು, ಮಂಗಳವಾರ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ. ಊರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಅವತ್ತು ನಮ್ಮ ಊರಿನ ಸಣ್ಣ ಬೆಳೆಗಾರರ ಕಾಫಿ ಮೂಟೆಗಳನ್ನು ಚಿಕ್ಕಮಗಳೂರಿನಲ್ಲಿ ಬೀಜ ಸುಲಿದು ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಸಾಗಿಸಬೇಕಿತ್ತು. ಕ್ಲೀನರನಿಗೆ ಜ್ವರ. ಮದುವೆಯಾಗಿ ಒಂದು ತಿಂಗಳಾಗಿದ್ದರೂ ನನಗೆ ಚಿಕ್ಕಮಗಳೂರು ತೋರಿಸಿಲ್ಲವೆಂದು ಜಗಳ ತೆಗೆದು ನಾನು ಅವನ ಜಾಗದಲ್ಲಿ ಹತ್ತಿ ಕೂತೆ. ಗೇಟಿನ ಹತ್ತಿರ ಬಂದರೆ ಬೀಗ. ವಾಚ್‌ಮನ್ ಕೈಮುಗಿದು, ಧಣಿಗಳ ಆರ್ಡರ್ ಎಂದ. ಲೋಡಾದ ಲಾರಿಯನ್ನು ಆ ಸಣ್ಣ ದಾರಿಯಲ್ಲಿ ತಿರುಗಿಸುವಂತಿಲ್ಲ, ಏರಿನಲ್ಲಿ ರಿವರ್ಸ್ ಹೋಗುವಂತೆಯೂ ಇಲ್ಲ.

"ನೀನು ಮನೆಗೆ ಹೋಗು ಸಾಬೀರಾ, ನಡೆದ್ರೆ ಒಂದು ಮೈಲಿ" ಎಂದರು ಅವರು.

"ನಾನು ಯಾಕೆ ಹೋಗ್ಲಿ? ಚಿಕ್ಕಮಗಳೂರು ತೋರಿಸ್ತೀನಿ ಅಂದಿದ್ದೀರಿ. ತೋರಿಸೋ ತನಕ ಇಳಿಯೋದಿಲ್ಲ."

ಅಷ್ಟು ದಿನದಲ್ಲಿ ನಾನು ಮಾಡಿದ ಅತಿ ಬುದ್ಧಿವಂತ ಹಟ ಅದು. ಹನ್ನೆರಡು ಗಂಟೆ ಅಲ್ಲೇ ಕಳೆದೆವು. ಬೇಲಿಯ ಈಚೆ ಬಾಗಿದ್ದ ಗಿಡದಿಂದ ಕಾಫಿ ಹಣ್ಣು ಕಿತ್ತು, ಸಿಹಿ ಚೀಪಿ, ಯಾರ ಬೀಜ ದೂರ ಹೋಗುತ್ತದೆ ಎಂದು ಉಗುಳಿದೆವು. ನಾನೇ ಗೆದ್ದೆ. ಅವರು ಬೇಕೆಂದೇ ಸೋತರೋ ಏನೋ. ಸ್ಟೇರಿಂಗ್ ಹಿಡಿಯುವುದನ್ನು ಹೇಳಿಕೊಟ್ಟರು. ಚಿಕ್ಕಂದಿನಲ್ಲಿ ತಮ್ಮನ್ನು ಸಾಕಿದ ಅತ್ತಿಗುಂಡಿಯ ಚಿಕ್ಕಮ್ಮನ ವಿಷಯ ಹೇಳಿ ಸ್ವಲ್ಪ ಅತ್ತರು. ಗಂಡಸು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಹನ್ನೊಂದು ಗಂಟೆಗೆ ಪರಮೇಶ್ವರಪ್ಪನವರ ಬಂಗಲೆಯಿಂದ ಒಂದು ತಂಬಿಗೆ ಕಾಫಿ ಬಂತು. ತಡೆಯುವುದೂ ಅವರೇ, ಉಪಚರಿಸುವುದೂ ಅವರೇ ಎಂದು ಇಬ್ಬರೂ ನಕ್ಕೆವು. ನಡೆದು ಬಂದ ಊರಿನವರನ್ನೂ ವಾಚ್‌ಮನ್ ವಾಪಸ್ ಕಳಿಸಿದ. ಅವರೆಲ್ಲ ಹೋಗುವಾಗ, "ಎಂತ ಹಸನಣ್ಣ, ಇಲ್ಲೇ ಸಂಸಾರ ಹೂಡಿದ್ರಾ?" ಎಂದು ತಮಾಷೆ ಮಾಡಿ ಹೋದರು.

ಮುಂದಿನ ವರ್ಷ ಜನವರಿಯಲ್ಲಿ ಚಾರ್ಮಾಡಿ ಘಾಟಿಯಲ್ಲಿ ಅವರ ಲಾರಿ ಉರುಳಿತು. ನನಗೆ ಆಗ ಇಪ್ಪತ್ತು ವರ್ಷ.

ಬೇರೆ ಮದುವೆಗೆ ನಾನು ಒಪ್ಪಲಿಲ್ಲ. ಹೊಲಿಗೆ ಮೆಷಿನ್ ಇಟ್ಟುಕೊಂಡೆ, ಕೊಯ್ಲಿನ ಕಾಲದಲ್ಲಿ ಹಣ್ಣು ಬಿಡಿಸಲು ಹೋದೆ. ಸಾಲಿನಲ್ಲಿ ನಿಂತು ಬಿಡಿಸುವಾಗ ಬಾಯಿಗೂ ಕೆಲಸ ಬೇಕಲ್ಲ, ಗೇಟಿನ ದಿನದ ಕಥೆ ಹೇಳಿದೆ. ಮರುವರ್ಷವೂ ಅದನ್ನೇ ಕೇಳಿದರು. ಹದಿನೇಳು ವರ್ಷ ಹೇಳಿದೆ. ಒಂದು ಮಾತು ಬಿಟ್ಟರೆ ಪಕ್ಕದ ಸಾಲಿನಿಂದ ಯಾರಾದರೂ ತಿದ್ದುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರಿಗೆ ಅದನ್ನು ಹೇಳಿಸುವುದು ನಮ್ಮ ಊರಿನಲ್ಲಿ ಒಂದು ಪದ್ಧತಿಯೇ ಆಗಿಹೋಗಿತ್ತು. ನಾನು ಹೇಳುವಾಗ ಹಸನ್ ನನ್ನ ಪಕ್ಕದಲ್ಲೇ ಇದ್ದಂತೆ ಆಗುತ್ತಿತ್ತು. ಇದರಲ್ಲಿ ನಾಚಿಕೆಪಡುವುದು ಏನಿದೆ?

ಎಂಬತ್ತೇಳರಲ್ಲಿ ಮಂಡಲ ಪಂಚಾಯ್ತಿ ಬಂತು. ನನ್ನ ಪಕ್ಕದ ಮನೆಯ ಶಂಕರಮ್ಮ ಹೆಂಗಸರ ಮೀಸಲು ಸೀಟಿನಲ್ಲಿ ಗೆದ್ದಳು. ಮೊದಲ ಮೀಟಿಂಗಿಗೆ ಹೋಗುವಾಗ ಅವಳ ರವಿಕೆ ಹೊಲಿದವಳೂ ನಾನೇ, ಹೋಗಲಾರೆ ಎಂದವಳನ್ನು ಗದರಿ ಕಳಿಸಿದವಳೂ ನಾನೇ. ಒಂದು ವರ್ಷದಲ್ಲಿ ಅವಳು ಕಾಯಿದೆ ಕಲಿತು ನಮಗೇ ಪಾಠ ಹೇಳುವಷ್ಟಾದಳು.

ಅಷ್ಟರಲ್ಲಿ ಪರಮೇಶ್ವರಪ್ಪನವರು ತೀರಿಕೊಂಡು ಮಗ ದೇವರಾಜ ಎಸ್ಟೇಟು ನೋಡಿಕೊಳ್ಳುತ್ತಿದ್ದರು. ಎಸ್ಟೇಟಿನ ಒಳಗೆ ಕಾಫಿ ಕಳವು ಜಾಸ್ತಿಯಾಗಿದೆ, ಬರುವ ಜೂನ್‌ನಿಂದ ಗೇಟು ಖಾಯಂ ಬಂದ್ ಎಂದು ಅವರು ನೋಟೀಸು ಅಂಟಿಸಿದರು. ಹಾಗಾದರೆ ಜಾವಳಿ ಶಾಲೆಗೆ ಹೋಗುವ ನಮ್ಮ ಮಕ್ಕಳು ಗುಡ್ಡ ಸುತ್ತಿ ಒಂಬತ್ತು ಮೈಲಿ ನಡೆಯಬೇಕು. ಹೋಗಿ ಬಂದರೆ ಹದಿನೆಂಟು. ಹೆಣ್ಣುಮಕ್ಕಳನ್ನಂತೂ ಯಾರೂ ಕಳಿಸುವುದಿಲ್ಲ.

ಊರಿನವರು ಮಂಡಲ ಪಂಚಾಯ್ತಿಗೆ ಅರ್ಜಿ ಕೊಟ್ಟೆವು. ಕಾರ್ಯದರ್ಶಿ ಶೇಷಪ್ಪನವರು ಕನ್ನಡಕ ಮೂಗಿನ ತುದಿಗೆ ಇಳಿಸಿ ಮಂಡಲದ ಅಧಿಕಾರಗಳನ್ನು ಒಂದೊಂದಾಗಿ ಓದಿದರು. ಸಂತೆ ಸುಂಕ ಎತ್ತಬಹುದು, ತುಡುಗು ದನವನ್ನು ದೊಡ್ಡಿಗೆ ಹಾಕಬಹುದು, ಬಾವಿ ತೋಡಿಸಬಹುದು, ದೀಪ ಹಾಕಿಸಬಹುದು. ನನಗೆ ಕೋಪ ಬಂತು. "ರಸ್ತೆ ವಿಷಯ ಹೇಳಿ ಸ್ವಾಮಿ, ನಮ್ಮ ಹತ್ರ ತುಡುಗು ದನ ಇಲ್ಲ" ಎಂದೆ.

"ಖಾಸಗಿ ರಸ್ತೆ ಮುಟ್ಟೋ ಅಧಿಕಾರ ನಮ್ಗೆ ಇಲ್ಲಮ್ಮ. ಆದ್ರೆ ಇಪ್ಪತ್ತು ವರ್ಷ ಒಂದು ದಿನವೂ ತಡೆ ಇಲ್ದೆ ಜನ ಓಡಾಡಿದಾರೆ ಅಂತ ರುಜುವಾದ್ರೆ, ವಿಚಾರಣೆ ಮಾಡಿ ಸಾರ್ವಜನಿಕ ದಾರಿ ಅಂತ ಬರ್ಕೊಳ್ಬಹುದು. ಒಂದು ಸಲ ಬರೆದ್ರೆ ಮುಗೀತು. ಗೇಟೂ ತೆಗೆಸ್ಬಹುದು, ಬಸ್ಸೂ ಕೇಳ್ಬಹುದು."

ಅರವತ್ತೇಳರಿಂದ ಎಂಬತ್ತೆಂಟು, ಇಪ್ಪತ್ತೊಂದು ವರ್ಷ. ಎಲ್ಲರೂ ಖುಷಿಯಿಂದ ಲೆಕ್ಕ ಹಾಕಿದರು. ಆಮೇಲೆ ಒಬ್ಬೊಬ್ಬರೇ ನನ್ನ ಮುಖ ನೋಡಿದರು.

ವಿಚಾರಣೆಯ ದಿನ ಬೆಳಿಗ್ಗೆ ಶಂಕರಮ್ಮ ಮನೆಗೆ ಬಂದಳು. ಮೆಷಿನ್ನಿನ ಪಕ್ಕ ಕೂತು, ಬಿದ್ದಿದ್ದ ಬಟ್ಟೆಯ ಚೂರುಗಳನ್ನು ಮಡಿಸತೊಡಗಿದಳು.

"ಸಿಟ್ಟು ಮಾಡ್ಕೊಳ್ಬೇಡ ಮಾರಾಯ್ತಿ. ಇವತ್ತು ದೇವರಾಜಪ್ಪ ನಿನ್ನನ್ನೇ ಕರೀತಾರಂತೆ. ಅವರ ಹತ್ರ ಕಾಗದ ಎಂತದೂ ಇಲ್ಲ. ವಾಚ್‌ಮನ್ನೂ ಸತ್ತು ಹೋದ. ನೀನು ಹೌದು ಅಂದ್ರೆ ಮಾತ್ರ ಅವತ್ತು ಗೇಟು ಹಾಕಿದ್ದು."

"ಹಾಕಿದ್ದು ಹೌದಲ್ಲ?"

"ಹೌದು. ನಾನೂ ಅವತ್ತು ವಾಪಸ್ ಬಂದವಳೇ. ಆದ್ರೆ ಹೌದು ಅಂತ ಬರೆಸಿದ್ರೆ ಇಪ್ಪತ್ತು ವರ್ಷ ಮುರೀತದೆ. ಎಪ್ಪತ್ತೊಂದರಿಂದ ಮತ್ತೆ ಎಣಿಸ್ಬೇಕಂತೆ. ಹದಿನೇಳೇ ಆಗೋದು."

ನಾನು ಮೆಷಿನ್ ತುಳಿಯತೊಡಗಿದೆ. ಅವಳು ನನ್ನ ಕೈ ಹಿಡಿದಳು. "ಇಲ್ಲ ಅಂದ್ರೆ ಹೋಗ್ತದಾ ಹೇಳು? ಅದು ನಿನ್ನ ಹೊಟ್ಟೆಯೊಳಗೇ ಇರ್ತದಲ್ಲ. ಯಾರು ಕಿತ್ಕೊಳ್ತಾರೆ?"

ಅವಳ ಮೇಲೆ ರೇಗಬೇಕೆನ್ನಿಸಿತು. ಆದರೆ ಅವಳ ಮಗಳು ಎಂಟನೇ ಕ್ಲಾಸು. ಹೊಲಿಯುತ್ತಿದ್ದ ಲಂಗವೂ ಆ ಹುಡುಗಿಯದೇ.

ವಿಚಾರಣೆ ಶಾಲೆಯ ಕೋಣೆಯಲ್ಲಿ. ಮಂಡಲದ ಪ್ರಧಾನರು ಮೇಷ್ಟರ ಕುರ್ಚಿಯಲ್ಲಿ, ಶೇಷಪ್ಪನವರು ಪಕ್ಕದಲ್ಲಿ ದೊಡ್ಡ ಪುಸ್ತಕ ತೆರೆದುಕೊಂಡು, ದೇವರಾಜ ಕಿಟಕಿಯ ಹತ್ತಿರ ಒಬ್ಬರೇ. ನಮ್ಮ ಊರಿನವರು ಮಕ್ಕಳ ಮಣೆಗಳ ಮೇಲೆ ಮುದುರಿ ಕೂತಿದ್ದರು. ಸಿದ್ದಮ್ಮ ಎದ್ದಳು. ಗೇಟು ಯಾವತ್ತಾದರೂ ಹಾಕಿತ್ತೇ? ಇಲ್ಲ ಸ್ವಾಮಿ, ಹೆಬ್ಬೆಟ್ಟು. ಭಾಗಮ್ಮ ಎದ್ದಳು. ಇಲ್ಲ, ಹೆಬ್ಬೆಟ್ಟು. ಕಾಫಿಯ ಸಾಲಿನಲ್ಲಿ ನನ್ನ ಕಥೆ ತಪ್ಪಿದರೆ ತಿದ್ದುತ್ತಿದ್ದವಳು ಈ ಭಾಗಮ್ಮನೇ. ಸುಬ್ಬಣ್ಣ, ತಯ್ಯಬ್, ಎಲ್ಲರೂ ಇಲ್ಲ ಇಲ್ಲ ಎನ್ನುತ್ತಾ ಸಹಿ ಹಾಕಿ ಕೂತರು. ಯಾರೂ ನನ್ನ ಕಡೆ ನೋಡಲಿಲ್ಲ. ಒಂದೊಂದು ಇಲ್ಲಕ್ಕೂ ಆ ಲಾರಿಯಿಂದ ನನ್ನನ್ನು ಒಂದೊಂದು ಮೆಟ್ಟಿಲು ಇಳಿಸಿದಂತೆ ಆಗುತ್ತಿತ್ತು.

ಕೊನೆಗೆ ನನ್ನ ಹೆಸರು ಕೂಗಿದರು. ದೇವರಾಜ ಎದ್ದು ನಿಂತು ನನಗೆ ನಮಸ್ಕಾರ ಮಾಡಿದರು. ತಂದೆಯ ಹಾಗೆ ಮೆತ್ತಗಿನ ಮಾತು.

"ಸಾಬೀರಮ್ಮ, ನಿಮಗೆ ಕಷ್ಟ ಕೊಡೋ ಉದ್ದೇಶ ನಂಗಿಲ್ಲ. ಎಪ್ಪತ್ತೊಂದನೇ ಇಸವಿ ಜನವರಿಯಲ್ಲಿ ನೀವೂ ನಿಮ್ಮ ಯಜಮಾನ್ರೂ ಲಾರಿ ಸಮೇತ ನಮ್ಮ ಗೇಟಲ್ಲಿ ಇಡೀ ದಿನ ಇದ್ರಿ. ಹೌದಲ್ವಾ?"

ನಾನು ಶೇಷಪ್ಪನವರ ಪುಸ್ತಕದ ಕಡೆ ನೋಡಿದೆ. ದೇವರಾಜ ಮುಂದುವರಿಸಿದರು.

"ನಾನು ಆಗ ಮಂಗಳೂರಲ್ಲಿ ಓದ್ತಾ ಇದ್ದೆ. ಅಪ್ಪ ಸಾಯೋ ತನಕ ಹೇಳ್ತಿದ್ರು. ಕಾಫಿ ಕಳಿಸಿದ ಮೇಲೆ ಅವರಿಗೇ ಮನಸ್ಸು ತಡೀಲಿಲ್ಲವಂತೆ. ಬೀಗದ ಕೈ ಹಿಡ್ಕೊಂಡು ಮಧ್ಯಾಹ್ನ ಗೇಟಿನ ತನಕ ನಡೆದು ಬಂದ್ರಂತೆ. ಸಿಲ್ವರ್ ಮರದ ಹಿಂದೆ ನಿಂತು ನೋಡಿದ್ರೆ ನೀವಿಬ್ರೂ ನಗ್ತಾ ಇದ್ರಂತೆ. 'ಈಗ ಗೇಟು ತೆಗೆದ್ರೆ ಆ ಹುಡುಗ ಲಾರಿ ಸ್ಟಾರ್ಟ್ ಮಾಡ್ಕೊಂಡು ಹೋಗ್ಬೇಕಾಗ್ತದಲ್ಲ ಅಂತ ವಾಪಸ್ ಬಂದೆ' ಅಂತಿದ್ರು ಅಪ್ಪ."

ಹದಿನೇಳು ವರ್ಷ ನಾನು ಹೇಳಿದ ಕಥೆಯಲ್ಲಿ ಈ ಭಾಗ ಇರಲಿಲ್ಲ. ಯಾವಾಗ ಬಂದಿದ್ದರು? ನಾವು ಬೀಜ ಉಗುಳುತ್ತಿದ್ದಾಗಲೇ? ನಾನು ಸ್ಟೇರಿಂಗ್ ಹಿಡಿದಿದ್ದಾಗಲೇ? ಹಸನ್ ಮುಖ ಆಗ ಹೇಗಿತ್ತಂತೆ? ಅಷ್ಟು ಜನರಿದ್ದ ಆ ಕೋಣೆಯಲ್ಲಿ ನನ್ನ ದಿನವನ್ನು ಇತ್ತು ಎಂದವರು ಅವರೊಬ್ಬರೇ. ಓಡಿ ಹೋಗಿ ಅವರ ಕೈ ಹಿಡಿದು ಇನ್ನೂ ಹೇಳಿ, ಇನ್ನೂ ಹೇಳಿ ಎನ್ನಬೇಕೆಂದು ಜೀವ ಒದ್ದಾಡಿತು.

"ಹೇಳಿಯಮ್ಮ. ಗೇಟು ಹಾಕಿತ್ತಾ?" ಎಂದರು ಪ್ರಧಾನರು.

ಶಂಕರಮ್ಮ ತಲೆ ತಗ್ಗಿಸಿದ್ದಳು. ಅವಳ ಮಗಳು, ಬೇರೆ ಮಕ್ಕಳ ಜೊತೆ, ಬಾಗಿಲಿನಲ್ಲಿ ನಿಂತು ನೋಡುತ್ತಿದ್ದಳು.

"ಇಲ್ಲ" ಎಂದೆ.

ದೇವರಾಜರಿಗೆ ನಂಬಲಾಗಲಿಲ್ಲ. "ಅವತ್ತು ನೀವು ನಿಮ್ಮ ಯಜಮಾನ್ರ ಜೊತೆ ಅಲ್ಲಿ ಇರ್ಲಿಲ್ವಾ?"

"ಇಲ್ಲ. ಅವರಿಗೆ ಪುರುಸೊತ್ತು ಎಲ್ಲಿತ್ತು? ಒಂದು ದಿನವೂ ಅವರು ನನ್ನ ಜೊತೆ ಹಾಗೆ ಕೂತವರಲ್ಲ."

ಶೇಷಪ್ಪನವರು ಬರೆದುಕೊಂಡು ಓದಿ ಹೇಳಿದರು. ಸದರಿ ದಿನದಂದು ಸಾಕ್ಷಿಯಾಗಲಿ ಸಾಕ್ಷಿಯ ಮೃತ ಪತಿಯಾಗಲಿ ಸದರಿ ಸ್ಥಳದಲ್ಲಿ ಇರಲಿಲ್ಲ. ಸರಿಯೇ? ಸರಿ ಎಂದು ಸಹಿ ಹಾಕಿದೆ. ದೇವರಾಜ ನನ್ನನ್ನು ಒಂದು ಕ್ಷಣ ನೋಡಿದರು. ಕೋಪದಿಂದ ನೋಡಿದ್ದರೆ ನನಗೆ ಹಗುರವಾಗುತ್ತಿತ್ತು. ಪಾಪ ಎನ್ನುವಂತೆ ನೋಡಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಮಂಡಲದ ಠರಾವು ಸರ್ವಾನುಮತದಿಂದ ಪಾಸಾಯಿತು.

ಗೇಟು ಕಿತ್ತರು. ಎಂಬತ್ತೊಂಬತ್ತರಲ್ಲಿ ಬಸ್ಸು ಬಂತು. ಶಂಕರಮ್ಮನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಇದೆಲ್ಲ ಒಳ್ಳೆಯದೇ, ಮತ್ತೆ ಕೇಳಿದರೂ ನಾನು ಇಲ್ಲ ಎಂದೇ ಹೇಳುತ್ತೇನೆ. ಆದರೆ ಕೊಯ್ಲಿನ ಸಾಲಿನಲ್ಲಿ ಈಗ ಯಾರೂ ಆ ಕಥೆ ಕೇಳುವುದಿಲ್ಲ. ಅವರಿಗೆ ನಾಚಿಕೆ, ನನಗೂ ನಾಚಿಕೆ. ಹೊಟ್ಟೆಯೊಳಗೆ ಇಟ್ಟುಕೊಂಡರೆ ಉಳಿಯುತ್ತದೆ ಎಂದುಕೊಂಡಿದ್ದೆ. ಉಳಿಯುತ್ತಿಲ್ಲ. ಅವತ್ತು ಸಂಜೆ ವಾಚ್‌ಮನ್ ಬೀಗ ತೆಗೆದ ಮೇಲೆ, ಲಾರಿ ಸ್ಟಾರ್ಟ್ ಮಾಡುವ ಮುಂಚೆ, ಹಸನ್ ನನ್ನ ಕಡೆ ತಿರುಗಿ ಒಂದು ಮಾತು ಹೇಳಿದ್ದರು. ಹದಿನೇಳು ವರ್ಷ ನಾನು ಆ ಮಾತಿನಿಂದಲೇ ಕಥೆ ಮುಗಿಸುತ್ತಿದ್ದೆ. ಹೋದ ತಿಂಗಳಿನಿಂದ ಅದು ನೆನಪಾಗುತ್ತಿಲ್ಲ. ಭಾಗಮ್ಮನಿಗೆ ಗೊತ್ತಿರುತ್ತದೆ. ಆದರೆ ಅಂಥ ದಿನವೇ ಇರಲಿಲ್ಲ ಎಂದು ಹೆಬ್ಬೆಟ್ಟು ಒತ್ತಿದವಳನ್ನು, ಸಹಿ ಹಾಕಿದ ನಾನು ಏನೆಂದು ಕೇಳಲಿ?

ಮೊನ್ನೆ ಬಸ್ಸಿಗೆ ಕಾಯುತ್ತಿದ್ದಾಗ ದೇವರಾಜರ ಜೀಪು ಬಂದು ನಿಂತಿತು. "ಜಾವಳಿಗಾ ಸಾಬೀರಮ್ಮ? ಬನ್ನಿ, ಬಿಡ್ತೀನಿ" ಎಂದರು. ಅಂದು ನಿಮ್ಮ ತಂದೆ ಮರದ ಹಿಂದೆ ನಿಂತಾಗ ಇನ್ನೇನು ಕಂಡರಂತೆ ಎಂದು ಕೇಳಲು ಬಾಯಿ ತೆರೆದೆ.

"ಬಸ್ಸು ಬರ್ತದೆ, ನೀವು ಹೋಗಿ" ಎಂದೆ.

ಅವರ ಮುಖಕ್ಕೇ ಇಲ್ಲ ಎಂದವಳು ನಾನು. ಆದರೂ ಕೇಳಿದ್ದರೆ ಅವರು ಹೇಳುತ್ತಿದ್ದರು. ನನಗೆ ಕಷ್ಟವಾಗುವುದು ಅದೇ.