ಬೆರಳು ಹೊಂದುತ್ತಿಲ್ಲ

"ಮ್ಯಾನೇಜರ್ ಆಗ್ತಾಳಂತೆ, ಮ್ಯಾನೇಜರ್! ಬೀಜ ಸುಲಿಯೋ ಮುಂಡೇವಕ್ಕೆ ಐದು ವರ್ಷದ ಕೋರ್ಸ್ ಬೇರೆ ಕೇಡು!"

ಮೇಸ್ತ್ರಿ ಕಾಗದವನ್ನು ನನ್ನ ಬುಟ್ಟಿಯೊಳಗೆ ಎಸೆದ. ನಾನು ಕೈ ಒರೆಸಿಕೊಂಡು ಎತ್ತಿಕೊಳ್ಳುವಷ್ಟರಲ್ಲಿ ಅದರ ಒಂದು ಮೂಲೆಗೆ ಸೊನೆ ಹತ್ತಿ ಕಂದಾಗಿತ್ತು. ಗೇರುಬೀಜದ ಸಿಪ್ಪೆಯಲ್ಲಿರುವ ಸೊನೆ ಕಾಗದವನ್ನೂ ಬಿಡುವುದಿಲ್ಲ, ಚರ್ಮವನ್ನೂ ಬಿಡುವುದಿಲ್ಲ.

ಅದು ಮಗಳು ಕೂತು ದುಂಡಗೆ ಬರೆದ ನಾಲ್ಕು ಸಾಲು. ಈ ಹೆಂಗಸು ನಮ್ಮ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬೀಜ ಸುಲಿಯುತ್ತಿದ್ದಾಳೆ ಎಂದು. ಅದರ ಕೆಳಗೆ ಒಂದು ಸಹಿ, ಒಂದು ಮೊಹರು ಬೀಳಬೇಕಿತ್ತು, ಅಷ್ಟೇ. ವಿಶ್ವವಿದ್ಯಾಲಯದವರು ಆ ಮ್ಯಾನೇಜ್‌ಮೆಂಟ್ ಕೋರ್ಸಿನಲ್ಲಿ ಕೂಲಿಯವರ ಮಕ್ಕಳಿಗೆ ಅಂತ ನಾಲ್ಕು ಸೀಟು ಇಟ್ಟಿದ್ದರು. ಒಮ್ಮೆ ಸೇರಿದರೆ ಐದು ವರ್ಷಕ್ಕೆ ಎರಡು ಡಿಗ್ರಿ ಒಟ್ಟಿಗೇ ಕೈಗೆ ಬರುತ್ತವಂತೆ. ಸೇರಲು ಏನೇನು ಬೇಕು ಎಂಬ ಪಟ್ಟಿಯನ್ನು ಮಗಳು ಗೋಡೆಗೆ ಅಂಟಿಸಿದ್ದಳು. ಹನ್ನೆರಡನೇ ತರಗತಿಯಲ್ಲಿ ನೂರಕ್ಕೆ ಅರವತ್ತು ಬರಬೇಕು, ಇವಳಿಗೆ ಎಂಬತ್ತೊಂದು ಬಂದಿತ್ತು. ಗಣಿತ ಓದಿರಬೇಕು, ಓದಿದ್ದಳು. ಇಪ್ಪತ್ತು ತುಂಬಿರಬಾರದು, ಇವಳಿಗಿನ್ನೂ ಹದಿನೆಂಟು. ಅರ್ಜಿ ಹಾಕಿ, ಹತ್ತೂ ಬೆರಳಿನ ಗುರುತು ಕೊಟ್ಟು ಬಂದಿದ್ದಳು. ಉಳಿದದ್ದು ಪ್ರವೇಶ ಪರೀಕ್ಷೆ ಮತ್ತು ಈ ಸಹಿ.

"ಸಹಿ ಬೇಕಾ? ಹಡಗಿಗೆ ಮಾಲು ಹೋಗ್ಬೇಕು, ಜನ ಸಾಲ್ತಿಲ್ಲ. ನಿನ್ನ ಮ್ಯಾನೇಜರಮ್ಮನ್ನ ಮೂರು ವಾರ ಇಲ್ಲಿ ಕೂರ್ಸು. ಆಮೇಲೆ ಸಹಿ ನೋಡೋಣ."

"ಅವಳಿಗೆ ಪರೀಕ್ಷೆ ಇದೆ ಮೇಸ್ತ್ರೀ."

"ನನಗೆ ಮಾಲಿದೆ."

ಹದಿನೆಂಟು ವರ್ಷ ನಾನು ಆ ಹುಡುಗಿಯನ್ನು ಶೆಡ್ಡಿನ ಹೊಸಿಲು ದಾಟಿಸಿರಲಿಲ್ಲ. ಊಟ ತಂದರೆ ಹೊರಗೇ ನಿಲ್ಲಿಸಿ ಬುತ್ತಿ ಇಸಿದುಕೊಳ್ಳುತ್ತಿದ್ದೆ. ಅಕ್ಕಪಕ್ಕದವರು ಇವಳದೇನು ಮಹಾರಾಣಿ ಕೈಯಾ ಎಂದು ಮೂಗು ಮುರಿದರೂ ನಾನು ಕ್ಯಾರೇ ಎನ್ನಲಿಲ್ಲ. ನನ್ನ ಕೈ ನನಗೆ ಗೊತ್ತಿತ್ತು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತೇನೆ, ಸುಟ್ಟದ್ದು ವಾಸನೆ ಬಂದ ಮೇಲೇ ತಿಳಿಯುತ್ತದೆ. ಇವಳು ಹುಟ್ಟಿದಾಗ ಕೆನ್ನೆ ಎಷ್ಟು ಮೆತ್ತಗಿದೆ ಎಂದು ಮೊಣಕೈ ತಾಗಿಸಿ ನೋಡಿಕೊಂಡವಳು ನಾನು.

"ಬೇಡ ಕಣೇ. ಬೇರೆ ಏನಾದ್ರೂ ದಾರಿ ನೋಡೋಣ," ಎಂದೆ ಮಗಳಿಗೆ.

"ಬೇರೆ ಯಾವ ದಾರಿ ಇದೆ ಹೇಳು ಮತ್ತೆ?"

ಅವಳು ಗೋಡೆಯ ಮೇಲಿನ ಪಟ್ಟಿಯತ್ತ ಕೈ ತೋರಿಸಿದಳು.

"ಮೂರು ವಾರ ತಾನೇ ಅಮ್ಮಾ. ಹಗಲು ಸುಲೀತೀನಿ, ಸಂಜೆ ಓದ್ತೀನಿ. ನೀನು ಸುಮ್ನೆ ತಲೆ ಕೆಡಿಸ್ಕೋಬೇಡ."

ಮರುದಿನ ಅವಳು ನನ್ನ ಪಕ್ಕದಲ್ಲೇ ಕೂತಳು. ಸುಲಿಯುವ ಯಂತ್ರದ ಪೆಡಲನ್ನು ಕಾಲಲ್ಲಿ ತುಳಿದರೆ ಅಲಗು ಬೀಜವನ್ನು ಸೀಳುತ್ತದೆ, ಬೆರಳಲ್ಲಿ ತಿರುಳು ಬಿಡಿಸಬೇಕು. ನಾನು ಎರಡು ಸಲ ತೋರಿಸಿದೆ. ಮೂರನೆಯ ಸಲಕ್ಕೆ ಅವಳೇ ಕಲಿತುಬಿಟ್ಟಳು. ಇಷ್ಟು ಬೇಗ ಕಲಿತಳಲ್ಲ ಎಂದು ನನಗೆ ಸಂಕಟವಾಯಿತು.

ಎದುರು ಸಾಲಿನ ದಪ್ಪಕ್ಕ ಸುಮ್ಮನಿರುವವಳಲ್ಲ. "ಏನಮ್ಮಾ ಮ್ಯಾನೇಜರಮ್ಮ, ನೀನು ಓದಿ ಬಂದ್ಮೇಲೆ ನಮಗೆಲ್ಲ ರಜೆ ಕೊಡ್ತೀಯೋ ಇಲ್ವೋ?"

"ಕೊಡ್ತೀನಿ ದಪ್ಪತ್ತೆ. ಮೊದಲು ಮೇಸ್ತ್ರಿಗೆ ಕೊಡ್ತೀನಿ, ಪೂರ್ತಿ ರಜೆ."

ಸಾಲಿಗೆ ಸಾಲೇ ನಕ್ಕಿತು. ಮೇಸ್ತ್ರಿ ಬಾಗಿಲಲ್ಲಿ ಕಾಣಿಸಿದ ಕೂಡಲೇ ಎಲ್ಲರೂ ತುಟಿ ಹೊಲಿದುಕೊಂಡೆವು. ಮಗಳು ಮಾತ್ರ ಎದ್ದು ಗ್ಲೌಸ್ ಕೇಳಿದಳು.

"ಗ್ಲೌಸ್ ಹಾಕ್ಕೊಂಡ್ರೆ ತಿರುಳು ಮುರಿಯುತ್ತೆ. ಮುರಿದ ತಿರುಳು ನಿಮ್ಮಪ್ಪ ತಗೋತಾನಾ? ಕೂತ್ಕೊಳೇ ಲೌಡಿ!"

ಕೂತಳು. ಮೊದಲ ವಾರ ಬೆರಳಿಗೆ ಬೊಕ್ಕೆ ಎದ್ದವು. ಎರಡನೆಯ ವಾರ ಕಪ್ಪಾದವು. ಮೂರನೆಯ ವಾರ ಆ ಕರಿ ಚರ್ಮ ಹಾಳೆಹಾಳೆಯಾಗಿ ಎದ್ದು, ಅಡಿಯಲ್ಲಿ ನುಣ್ಣಗೆ ಕೆಂಪಗೆ ಹೊಸದು ಕಾಣಿಸಿತು. ಸಂಜೆ ಪುಸ್ತಕ ತೆರೆದರೆ ಪುಟ ಮಗುಚಲು ಆಗದೆ ತುಟಿಯಿಂದ ಮಗುಚುತ್ತಿದ್ದಳು.

"ಉರಿಯುತ್ತಾ?" ಎಂದು ಕೇಳಿದೆ.

"ಈಗ ಇಲ್ಲಮ್ಮ. ಏನೂ ಗೊತ್ತಾಗಲ್ಲ."

ಏನೂ ಗೊತ್ತಾಗದಿರುವುದು ಅಂದರೆ ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ನಾನು ಅಳಲಿಲ್ಲ. ಅಳು ಬರಲಿಲ್ಲ, ಅಷ್ಟೇ. ಬೆಳಿಗ್ಗೆ ಎದ್ದು ಇಬ್ಬರ ಬುತ್ತಿ ಕಟ್ಟಿದೆ.

ಇಪ್ಪತ್ತೊಂದನೆಯ ದಿನ ಮೇಸ್ತ್ರಿ ಸಹಿ ಹಾಕಿದ. ಹಾಕುವ ಮೊದಲು 'ಹತ್ತೊಂಬತ್ತು ವರ್ಷದಿಂದ' ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ. ಅಷ್ಟೆಲ್ಲ ಬರೆದುಕೊಟ್ಟರೆ ನಾಳೆ ಇನ್ನೇನೇನೋ ಕೇಳುತ್ತೀರಿ ಎಂದ. ಇರಲಿ, ಮೊಹರು ಬಿತ್ತಲ್ಲ ಎಂದುಕೊಂಡು ನಾನು ಕೈಮುಗಿದೆ.

ಪರೀಕ್ಷೆಯ ದಿನ ಬೆಳಿಗ್ಗೆ ಎಂಟಕ್ಕೇ ಹೋಗಿ ನಿಂತೆವು. ಜಗಲಿಯಲ್ಲಿ ಒಂದು ಮೇಜು, ಮೇಜಿನ ಮೇಲೆ ಅಂಗೈಯಗಲದ ಒಂದು ಯಂತ್ರ. ಮಕ್ಕಳು ಒಬ್ಬೊಬ್ಬರಾಗಿ ಬೆರಳಿಡುತ್ತಿದ್ದರು, ಹಸಿರು ದೀಪ ಬಂದರೆ ಒಳಗೆ. ತಂದೆತಾಯಿಗಳು ಹಗ್ಗದ ಆಚೆ ನಿಲ್ಲಬೇಕು.

ನನ್ನ ಮಗಳು ಬೆರಳಿಟ್ಟಾಗ ಕೆಂಪು ಬಂತು.

"ಬೆರಳು ಹೊಂದ್ತಿಲ್ಲ. ಕೈ ಒರೆಸ್ಕೊಂಡು ಇಡಮ್ಮ," ಎಂದಳು ಯಂತ್ರದ ಹಿಂದೆ ಕೂತಿದ್ದ ಹುಡುಗಿ.

ಸೆರಗಿಗೆ ಒರೆಸಿಕೊಂಡು ಇಟ್ಟಳು, ಕೆಂಪು. ತೊಳೆದುಕೊಂಡು ಬಂದು ಇಟ್ಟಳು, ಕೆಂಪು. ಹತ್ತು ಬೆರಳೂ ಆದವು. ಹಿಂದೆ ನಿಂತವರು ಗೊಣಗತೊಡಗಿದರು. ಟೈ ಕಟ್ಟಿದ ಸಾಹೇಬನೊಬ್ಬ ಎದ್ದು ಬಂದ.

"ಅರ್ಜಿ ಹಾಕುವಾಗ ಕೊಟ್ಟ ಬೆರಳೇ ಬೇರೆ, ಇದೇ ಬೇರೆ. ಯಾರ ಬದಲಿಗೆ ಬರೆಯೋಕೆ ಬಂದಿದ್ದೀಯಾ? ನಿಜ ಹೇಳು."

"ನಾನೇ ಸಾರ್. ಫೋಟೋ ಇದೆ, ಮಾರ್ಕ್ಸ್ ಕಾರ್ಡ್ ಇದೆ. ಮುಖ ನೋಡಿ."

"ಮುಖ ನೋಡಿ ಒಳಗೆ ಬಿಡೋದಾದ್ರೆ ಮಷೀನ್ ಯಾಕೆ ಇಡ್ತಿದ್ವಿ?"

"ಗೇರುಬೀಜ ಸುಲಿದು ಹೀಗಾಗಿದೆ ಸಾರ್. ನಿಮಗೆ ಬೇಕಾಗಿದ್ದ ಪತ್ರಕ್ಕೇ ಸುಲಿದೆ." ಅವಳು ಎರಡೂ ಅಂಗೈ ಬಿಚ್ಚಿ ಹಿಡಿದಳು.

ಸಾಹೇಬ ಒಂದು ಹೆಜ್ಜೆ ಹಿಂದೆ ಸರಿದ. "ಏನಿದು? ರೋಗ ಗೀಗ ಇಲ್ಲ ತಾನೇ?"

ಸಾಲಿನಲ್ಲಿದ್ದ ಮಕ್ಕಳೂ ಸರಿದರು. ಯಂತ್ರದ ಹುಡುಗಿ ಬಟ್ಟೆ ತೆಗೆದುಕೊಂಡು ಯಂತ್ರ ಒರೆಸಿದಳು.

ನಾನು ಹಗ್ಗ ದಾಟಿ ಹೋಗಿ ಅವನ ಕಾಲಿಗೆ ಬಿದ್ದೆ. ಕಾಲಿಗೆ ಬೀಳುವುದು ನನಗೆ ಹೊಸದಲ್ಲ, ಎಷ್ಟು ಹೊತ್ತು ಬಿದ್ದಿರಬೇಕು ಎಂಬ ಅಂದಾಜೂ ಇದೆ. "ಸಾಮೀ, ಅವಳು ನನ್ನ ಮಗಳು. ನಾನೇ ಹೆತ್ತಿದ್ದು. ನಾನು ಹೇಳಿದ್ರೂ ಆಗಲ್ವಾ?"

"ನೀನು ಯಾರು ಅಂತ ಯಾರು ಹೇಳ್ಬೇಕು? ಏಳಮ್ಮ ಮೇಲೆ. ನಾಟಕ ಮಾಡೋಕೆ ಇದು ಜಾಗ ಅಲ್ಲ."

ಗಂಟೆ ಹೊಡೆಯಿತು. ಒಳಗೆ ಪ್ರಶ್ನೆಪತ್ರಿಕೆ ಹಂಚುವ ಸದ್ದು ಕೇಳಿಸಿತು. ಕಾವಲುಗಾರ ಬಾಗಿಲು ಹಾಕಿದ. ಮಗಳು ಆ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಶೆಡ್ಡಿನಲ್ಲಿ ಸಂಜೆ ಬುಟ್ಟಿ ಒಪ್ಪಿಸಿ ಏಳುವ ಹೆಂಗಸರ ಮುಖ ಅದು. ಅದನ್ನು ನೋಡಿದಾಗ ಮಾತ್ರ ನನಗೆ ಹೆದರಿಕೆಯಾಯಿತು.

ಸಾಹೇಬ ಒಂದು ಹಾಳೆ ತಂದು ಮೇಜಿನ ಮೇಲಿಟ್ಟ. 'ನಾನು ನನ್ನ ಸ್ವಂತ ಇಚ್ಛೆಯಿಂದ ಪರೀಕ್ಷೆ ಬರೆಯದೆ ಹಿಂತಿರುಗುತ್ತಿದ್ದೇನೆ.' ಮಗಳು ಗಟ್ಟಿಯಾಗಿ ಓದಿದಳು.

"ಸಹಿ ಹಾಕು. ನಮ್ಮ ಲೆಕ್ಕಕ್ಕೆ ಬೇಕು."

"ಒಳಗೆ ಬಿಡೋಕೆ ನನ್ನ ಸಹಿ ನಡೆಯಲ್ಲ, ಬೆರಳೇ ಬೇಕು ಅಂದ್ರಿ. ಹೊರಗೆ ಕಳಿಸೋಕೆ ಯಾಕೆ ಸಾರ್ ಸಹಿ? ಹಾಕಲ್ಲ."

"ತಲೆಹರಟೆ ಮಾಡ್ತೀಯಾ? ಹೆಬ್ಬೆಟ್ಟು ಒತ್ತಿಸೋ ಇವಳ ಕೈಲಿ!"

ಕಾವಲುಗಾರ ಅವಳ ಮಣಿಕಟ್ಟು ಹಿಡಿದು, ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ, ಹಾಳೆಯ ಮೇಲೆ ಒತ್ತಿದ. ಒಂದು ಕರಿ ಮಚ್ಚೆ ಮೂಡಿತು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ.

"ಸಾಕು. ಇದು ನಡೆಯುತ್ತೆ," ಎಂದ ಸಾಹೇಬ.

ನಡೆಯುತ್ತದಂತೆ. ನಾನು ಕಾಲಿಗೆ ಬಿದ್ದಲ್ಲಿಂದ ಎದ್ದೆ. ಶಾಯಿ ಡಬ್ಬಿ ಎಳೆದುಕೊಂಡು ನನ್ನ ಹೆಬ್ಬೆಟ್ಟು ಅದ್ದಿ, ಮಗಳ ಮಚ್ಚೆಯ ಪಕ್ಕದಲ್ಲೇ ಒತ್ತಿದೆ.

"ಏಯ್! ಏನ್ ಮಾಡ್ತಿದ್ದೀಯಾ? ಅದು ಆಫೀಸಿನ ಕಾಗದ!"

"ಇದ್ರಲ್ಲಿ ನನ್ನ ಮಗಳದ್ದು ಯಾವುದು ಅಂತ ತೋರ್ಸಿ ಸಾರ್," ಎಂದೆ. "ತೋರ್ಸಿದ್ರೆ ಈಗ್ಲೇ ಹೋಗ್ತೀವಿ. ತೋರ್ಸೋವರೆಗೂ ಇಲ್ಲೇ ಕೂತಿರ್ತೀವಿ."

ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಮಗಳೂ ಬಂದು ನನ್ನ ಪಕ್ಕದಲ್ಲಿ ಕೂತಳು. ಸಾಹೇಬ ಹಾಳೆಯನ್ನು ಬೆಳಕಿಗೆ ಹಿಡಿದ. ತಿರುಗಿಸಿದ, ಮತ್ತೆ ತಿರುಗಿಸಿದ, ಯಂತ್ರದ ಹುಡುಗಿಗೆ ಕೊಟ್ಟ. ಅವಳು ನೋಡಿ ಇಲ್ಲವೆಂಬಂತೆ ತಲೆಯಾಡಿಸಿ ಮೇಜಿನ ಮೇಲೆ ಇಟ್ಟಳು. ನಾನು ಎದ್ದು ಕತ್ತು ಚಾಚಿ ನೋಡಿದೆ.

ನನಗೂ ಗೊತ್ತಾಗಲಿಲ್ಲ.