ಗೋಡೆಗೆ ಹತ್ತು ಪೌಂಡು

ಥಿಯೊಫಿಲ್ ಸೊಕ್ಪೊಲಿಯವರ ಹೆಜ್ಜೆಗಳೆಲ್ಲ ಒಂದೇ ಉದ್ದದವು. ಮರಳಿನಲ್ಲಾಗಲಿ, ಕಚೇರಿಯ ಸಿಮೆಂಟು ನೆಲದಲ್ಲಾಗಲಿ, ಶವಯಾತ್ರೆಯ ಹಿಂದಾಗಲಿ ಅವರ ಕಾಲು ಅಳೆದಿಟ್ಟ ಹಾಗೆಯೇ ಬೀಳುತ್ತಿತ್ತು. ಪ್ರತಿದಿನ ಬೆಳಿಗ್ಗೆ ಸೋದರತ್ತೆ ಅಬ್ಲೆವಿಯ ಹೊಸ್ತಿಲಿನಿಂದ ಹೊರಟು, ತುಟಿ ಅಲ್ಲಾಡಿಸುತ್ತ ಅಲೆಯ ಅಂಚಿನವರೆಗೆ ಹೋಗಿ, ಒಂದು ಕ್ಷಣ ನಿಂತು ಹಿಂತಿರುಗುತ್ತಿದ್ದರು. ಅವರು ಮೊದಲ ಸಲ ಎಣಿಸಿದಾಗ ನೂರ ಹನ್ನೆರಡು ಹೆಜ್ಜೆಗಳಿದ್ದವಂತೆ. ನಮಗೆ ಬುದ್ಧಿ ತಿಳಿಯುವ ಹೊತ್ತಿಗೆ ಅದು ನಲವತ್ತಕ್ಕೆ ಇಳಿದಿತ್ತು.

ನಮ್ಮೂರು ಆತ್ಸಿಕೋಪೆ ಕಡಲಿಗೂ ಹಿನ್ನೀರಿಗೂ ನಡುವಿನ ಮರಳಿನ ಪಟ್ಟಿ. ಕಡಲು ಮನೆಯ ಹತ್ತಿರ ಬಂತೆಂದರೆ ಮೊದಲು ಬಾಗಿಲು ಕಳಚುತ್ತೇವೆ, ಆಮೇಲೆ ಸೂರು. ಎರಡನ್ನೂ ಹೊತ್ತು ಹಿನ್ನೀರಿನ ಕಡೆಗೆ ಸರಿಯುತ್ತೇವೆ. ಹುಟ್ಟಿದಾಗ ಅಂಗಳದಲ್ಲಿ ಹೂತ ನಮ್ಮ ಹೊಕ್ಕುಳಬಳ್ಳಿಗಳನ್ನು ಮಾತ್ರ ಹೊತ್ತು ತರಲಾಗುವುದಿಲ್ಲ.

ಸೊಕ್ಪೊಲಿ ಜಿಲ್ಲಾ ಖಜಾನೆಯ ಹಿರಿಯ ಗುಮಾಸ್ತರು. ಬಿಸಿಲೆಷ್ಟಿದ್ದರೂ ಕಪ್ಪು ಕೋಟು. ಮೇಜಿಗೆ ಉಜ್ಜಿ ಉಜ್ಜಿ ಅದರ ಬಲತೋಳು ಕನ್ನಡಿಯಂತೆ ಹೊಳೆಯುತ್ತಿತ್ತು. ಯಾರು ಏನು ಕೇಳಿದರೂ ಅವರ ಬಾಯಿಂದ ಮೊದಲು ಬರುತ್ತಿದ್ದುದು, "ಯಾವ ಬಾಬತ್ತು?" ನಾಮಕರಣಕ್ಕೆ ಕರೆಯಲು ಹೋದವನಿಗೂ ಒಮ್ಮೆ ಹಾಗೆಯೇ ಕೇಳಿ, ತಾವೇ ನಾಚಿದ್ದರು. ಬಿಳಿಯ ದೊರೆಗಳು ಎರಡು ವರ್ಷಕ್ಕೊಬ್ಬರಂತೆ ಬಂದು ಹೋಗುತ್ತಿದ್ದರು. ಆಯವ್ಯಯದ ಹಾಳೆಯನ್ನು ಪ್ರತಿವರ್ಷ ಸಿದ್ಧಪಡಿಸುತ್ತಿದ್ದವರು ಇವರು. ವಸಾಹತು ತನ್ನ ಖರ್ಚನ್ನು ತಾನೇ ದುಡಿಯಬೇಕೆಂಬುದು ಸರ್ಕಾರದ ಕಟ್ಟಪ್ಪಣೆ. ಕೊಬ್ಬರಿಯ ಬೆಲೆ ಬಿದ್ದ ವರ್ಷಗಳಲ್ಲಿ ಸೇತುವೆ, ಬಾವಿ, ಔಷಧಾಲಯ ಒಂದೊಂದಾಗಿ ಅವರ ಕೆಂಪು ಪೆನ್ಸಿಲಿಗೆ ಬಲಿಯಾಗುತ್ತಿದ್ದವು.

ನಮ್ಮೂರಿಗೆ ಕಟ್ಟಬೇಕಿದ್ದ ಕಡಲಗೋಡೆಯನ್ನು ಮಾತ್ರ ಅವರು ಪೂರ್ತಿ ಹೊಡೆದುಹಾಕಲಿಲ್ಲ. ಅದಕ್ಕೆ ಬೇಕಾಗಿದ್ದುದು ಹನ್ನೊಂದು ಸಾವಿರ ಪೌಂಡು. ಅವರು ವರ್ಷ ವರ್ಷವೂ ಹತ್ತು ಪೌಂಡು ಬರೆದರು. ಖರ್ಚು ಮಾಡಲಿಕ್ಕಲ್ಲ, ಹಾಳೆಯಲ್ಲಿ ಆ ಸಾಲು ಬದುಕಿರಲೆಂದು. ಸಾಲಿದ್ದರೆ ಒಳ್ಳೆಯ ಕಾಲ ಬಂದಾಗ ಮೊತ್ತವನ್ನು ಬೆಳೆಸಬಹುದು. ಸಾಲು ಹೋದರೆ ಅಳತೆ, ನಕ್ಷೆ, ಮಂಜೂರಾತಿ ಎಲ್ಲವೂ ಮತ್ತೆ ಬುಡದಿಂದ ಆಗಬೇಕು.

ಏಳನೆಯ ವರ್ಷ ಶಾಲೆಯ ಮೇಷ್ಟ್ರು ಅಚ್ಚಾದ ಆಯವ್ಯಯ ಪುಸ್ತಕವನ್ನು, ನಾವು ತೊಗ್ಬುಯಿ ಎಂದು ಕರೆಯುವ ಊರ ಮುಖ್ಯಸ್ಥರ ಅಂಗಳದಲ್ಲಿ ಓದಿಬಿಟ್ಟರು.

"ಏಳು ವರ್ಷ, ಎಪ್ಪತ್ತು ಪೌಂಡು. ಎಲ್ಲಿ ಹೋಯ್ತಪ್ಪಾ ಸೊಕ್ಪೊಲಿ?" ಎಂದರು ಮುಖ್ಯಸ್ಥರು.

"ಅದು ಕೊಡೋ ದುಡ್ಡಲ್ಲ, ತೊಗ್ಬುಯಿ. ಸಂತೇಲಿ ಜಾಗ ಹಿಡಿಯೋಕೆ ಬುಟ್ಟಿ ಇಡ್ತೀವಲ್ಲ, ಹಾಗೆ."

ಬಲೆಗಾರ ಲೊಗೊಸು ನಕ್ಕ. "ಏಳು ವರ್ಷದಿಂದ ಖಾಲಿ ಬುಟ್ಟೀನಾ ಅಣ್ಣಾ? ಮೀನು ನೀವೊಬ್ರೇ ತಿಂದ್ರಾ?"

ಅಂಗಳವೇ ನಕ್ಕಿತು. ನಾವೂ ನಕ್ಕೆವು.

ಆ ಮಧ್ಯಾಹ್ನ ಅತ್ತೆ ಜೋಳದ ಮುದ್ದೆ ಬಡಿಸುತ್ತ ಹೇಳಿದಳಂತೆ: "ನೀನು ತಿಂದಿಲ್ಲ ಅಂತ ನಂಗೊತ್ತು ಥಿಯೊ. ಆದ್ರೆ ಬಾವಿ ಹತ್ರ ನಂಗೆ ಯಾರೂ ದಾರಿ ಬಿಡ್ತಿಲ್ಲ ಕಣೋ. ಕೊಟ್ಟುಬಿಡು ಅವರಿಗೆ."

"ಕೊಟ್ರೆ ಗೋಡೆ ಹೋಯ್ತು ಅತ್ತೆ."

"ಇಲ್ಲದಿರೋ ಗೋಡೆ ಹೋಗೋದು ಹೇಗೋ?"

ಮರುದಿನ ಅವರು ಆ ವರ್ಷದ ಹತ್ತು ಪೌಂಡಿಗೆ ಚೀಟಿ ಬರೆದು, ದೊರೆಯ ಸಹಿ ಮಾಡಿಸಿ, ಮುಖ್ಯಸ್ಥರ ಕೈಗೆ ಹಣವಿತ್ತರು. ಊರು ಹಬ್ಬದಂತೆ ಎದ್ದು ಅಲೆಗೆ ಅಡ್ಡವಾಗಿ ತೆಂಗಿನ ಕಾಂಡಗಳನ್ನು ಸಾಲಾಗಿ ನೆಟ್ಟಿತು. ಸೊಕ್ಪೊಲಿ ಕೋಟು ಕಳಚಿ ಒಂದು ಕಾಂಡಕ್ಕೆ ಹೆಗಲು ಕೊಟ್ಟರು. ಕೋಟಿಲ್ಲದ ಆ ಮೈ ಅಷ್ಟು ಸಣಕಲಾಗಿದೆಯೆಂದು ನಮಗೆ ಅಂದೇ ಗೊತ್ತಾದದ್ದು.

ಹಣ ಪೂರ್ತಿ ಖರ್ಚಾದ ಬಾಬತ್ತು ಮುಗಿದ ಬಾಬತ್ತು ಎಂಬ ನಿಯಮವನ್ನು ಇಪ್ಪತ್ತು ವರ್ಷಗಳಿಂದ ಕಿರಿಯ ಗುಮಾಸ್ತರಿಗೆ ಹೇಳಿಕೊಟ್ಟವರು ಅವರೇ. ರಾಜಧಾನಿಯಿಂದ ಬಂದ ಪತ್ರ ಕೇಳಿತು: ಕೆಲಸ ಮುಗಿದಿದೆಯೇ? ಅವರಿಗೆ ಸುಳ್ಳು ಬರೆಯಲು ಬರುತ್ತಿರಲಿಲ್ಲ. ಹತ್ತು ಪೌಂಡಿನ ಕೆಲಸ ಮುಗಿದಿದ್ದು ನಿಜವಾದ್ದರಿಂದ ಮುಗಿದಿದೆ ಎಂದು ಬರೆದರು. ಸಾಲು ಅಳಿಯಿತು.

ಮುಂದಿನ ವರ್ಷ ಕೊಬ್ಬರಿಯ ಬೆಲೆ ಏರಿತು. ಪುಸ್ತಕದಲ್ಲಿದ್ದ ಕಾಮಗಾರಿಗಳಿಗೆಲ್ಲ ಮೊತ್ತ ಹೆಚ್ಚಿಸಬಹುದೆಂಬ ಆಜ್ಞೆ ಬಂತು. ಪುಸ್ತಕದಲ್ಲಿ ನಮ್ಮ ಗೋಡೆ ಇರಲಿಲ್ಲ. ಮಳೆಗಾಲದ ಮೂರು ದಿನಗಳಲ್ಲಿ ಕಡಲು ತೆಂಗಿನ ಕಾಂಡಗಳನ್ನು ಕಿತ್ತು ಹಿನ್ನೀರಿಗೆ ಎಸೆಯಿತು.

ಅತ್ತೆಯ ಬಾಗಿಲನ್ನು ಸೊಕ್ಪೊಲಿ ತಾವೇ ಬೆನ್ನಮೇಲೆ ಹೊತ್ತರು. ಅವಳು ಅಂಗಳದ ಒಂದು ಹಿಡಿ ಮರಳನ್ನು ಅವರ ಕೋಟಿನ ಜೇಬಿಗೆ ಸುರಿದು, "ನಿನ್ನ ಬಳ್ಳಿ ಹೂತದ್ದು ಇಲ್ಲೇ. ಇದು ಯಾವ ಬಾಬತ್ತು, ಹೇಳು ಮಗನೇ?" ಎಂದಳು. ಅವರು ಬೆನ್ನಿನ ಬಾಗಿಲನ್ನು ಸರಿಪಡಿಸಿಕೊಂಡು ಹಿನ್ನೀರಿನ ಕಡೆಗೆ ಹೊರಟರು. ಅಂದಿನಿಂದ ಅವರ ಹೆಜ್ಜೆಗಳು ಒಂದೇ ಉದ್ದದವಾಗಿ ಉಳಿಯಲಿಲ್ಲ. ಮರಳು ಸುರಿದ ಬದಿಯ ಜೇಬು ಮಾತ್ರ ಸದಾ ಜೋತು ಬಿದ್ದಿರುತ್ತಿತ್ತು.

ದೊರೆಗಳು ಹಡಗು ಹತ್ತಿ ಹೋಗುತ್ತಾರೆ. ಊರು ಸೂರು ಹೊತ್ತು ಸರಿಯುತ್ತದೆ. ಎರಡು ಕಡೆಯನ್ನೂ ಸರಿದೂಗಿಸಲು ಕುಳಿತ ಇಂಥವರಿಗೆ ಹೋಗಲು ಯಾವ ಕಡೆಯೂ ಇರುವುದಿಲ್ಲ. ಅವರು ಕಾಪಾಡುವುದು ಕಣ್ಣಿಗೆ ಕಾಣದ ವಸ್ತುವನ್ನು. ಅದು ಇತ್ತೆಂದು ನಮಗೆ ತಿಳಿಯುವುದು ಅದು ಹೋದ ಮೇಲೆ. ಆ ಹೊತ್ತಿಗೆ ನಾವೇ ನಗುನಗುತ್ತ ಅದನ್ನು ಅವರ ಕೈಯಿಂದ ಕಿತ್ತುಕೊಂಡಿರುತ್ತೇವೆ.