ಹೇಳಿಕೊಟ್ಟವರ ಸಹಿ

ಅಣವೀರಪ್ಪನಿಗೆ ಚೆನ್ನಯನನ್ನು ಕಂಡರೆ ಆಗುತ್ತಿರಲಿಲ್ಲ. ಚೆನ್ನಯ ಯಾವ ತಪ್ಪೂ ಮಾಡಿರಲಿಲ್ಲ ಎನ್ನುವುದೇ ಸಿಟ್ಟನ್ನು ಹೆಚ್ಚಿಸಿತ್ತು. ತಪ್ಪು ಮಾಡಿದವನನ್ನಾದರೆ ಬೈದು ಮುಗಿಸಬಹುದು. ಎದುರಾದಾಗಲೆಲ್ಲ 'ಊಟ ಆಯಿತಾ' ಎಂದು ಕೇಳುವವನನ್ನು ಏನೆಂದು ಬೈಯುವುದು?

ಆಂಟಾಪ್ ಹಿಲ್ಲಿನ ಚಾಳಿನಲ್ಲಿ ಇಬ್ಬರದೂ ಅಕ್ಕಪಕ್ಕದ ಖೋಲಿ, ನಡುವೆ ಒಂದು ಹಲಗೆಯ ಗೋಡೆ. ಅಣವೀರಪ್ಪ ಬಿಜಾಪುರ ಕಡೆಯ ಗೌಂಡಿ, ಚೆಂಬೂರಿನಲ್ಲಿ ಏಳುತ್ತಿದ್ದ ನಾಲ್ಕು ಮಾಳಿಗೆಯ ಬಿಲ್ಡಿಂಗಿಗೆ ಇಟ್ಟಿಗೆ ಕಟ್ಟುತ್ತಿದ್ದ. ಚೆನ್ನಯ ಉಡುಪಿ ಕಡೆಯವನು, ವಡಾಲದ ಒಂದು ಹೋಟೆಲಿನ ಕೌಂಟರಿನಲ್ಲಿ ಕೂರುವವನು, ನಲವತ್ತು ದಾಟಿದ ಒಂಟಿ ಜೀವ. ರದ್ದಿ ಅಂಗಡಿಯಲ್ಲಿ ಸಿಕ್ಕಿದ, ಇಟ್ಟಿಗೆಯಷ್ಟೇ ದಪ್ಪದ ಇಂಗ್ಲಿಷ್ ಡಿಕ್ಷನರಿಯೊಂದು ಅವನ ಹತ್ತಿರವಿತ್ತು. ಅದಕ್ಕೆ ಅವನು ಬಿಳಿ ಪಂಚೆಯ ತುಂಡು ಸುತ್ತಿಡುತ್ತಿದ್ದ.

ಅಣವೀರಪ್ಪನ ಒಬ್ಬಳೇ ಮಗಳು ಚಂದ್ರವ್ವ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ. ಇಂಗ್ಲಿಷ್ ಕಲಿಸುವ ಅಕ್ಕೋರದು ಒಂದು ಪದ್ಧತಿ. ವಾರಕ್ಕೊಂದು ಇಂಗ್ಲಿಷ್ ಶಬ್ದ ಕೊಡುವುದು. ಅದನ್ನು ಎಷ್ಟು ತರಹ ಬಳಸುತ್ತಾರೆಂದು ಹುಡುಗರು ಸೋಮವಾರ ಬರೆದು ತರುವುದು. ಪುಟದ ಬುಡದಲ್ಲಿ 'ಮನೆಯಲ್ಲಿ ಹೇಳಿಕೊಟ್ಟವರು' ಎಂದು ಬರೆಸಿ, ಮುಂದೆ ಸಹಿ. ಐದು ವಾರದಿಂದ ಅಲ್ಲಿ ಚೆನ್ನಯನದೇ ಸಹಿ, ಇಂಗ್ಲಿಷಿನಲ್ಲಿ, ಬಾಲಕ್ಕೊಂದು ಸುತ್ತು ಬೇರೆ. ಅಣವೀರಪ್ಪ ಮಗಳು ಮಲಗಿದಾಗ ಪಾಟಿಚೀಲದಿಂದ ಆ ವಹಿ ತೆಗೆದು ನೋಡಿದ್ದ. 'ಮನೆಯಲ್ಲಿ' ಎಂಬ ಮಾತಿನ ಮುಂದೆಯೇ ಕೂತಿತ್ತು ಆ ಸುತ್ತು.

ಈ ವಾರದ ಶಬ್ದ ಲೈನ್.

ಮಂಗಳವಾರ ಸಂಜೆ ಸಿಮೆಂಟಿನ ಕೈ ತೊಳೆಯುತ್ತ ಕೂತವನಿಗೆ ಹಲಗೆಯಾಚೆಯ ಮಾತು ಕೇಳಿಸಿತು.

"ಗೆರೆ ಒಂದು. ಸಾಲು ಎರಡು. ಮತ್ತೆ ಮುಖದ ಸುಕ್ಕಿಗೂ ಹೇಳ್ತಾರೆ ಮಗಾ, ನೋಡು, ನನ್ನ ಹಣೆಯಲ್ಲಿ ಎಷ್ಟುಂಟು ಲೆಕ್ಕ ಹಾಕು."

"ಮಾಮಾ, ನಿಮ್ದು ತೋ ಪೂರಾ ಹಾರ್ಬರ್ ಲೈನ್ ಐತಿ, ಲೋಕಲ್ ಗಾಡಿನ ಓಡ್ತೈತಿ," ಎಂದು ಚಂದ್ರವ್ವ ನಕ್ಕಳು. ಚೆನ್ನಯನೂ ನಕ್ಕ.

ಅಣವೀರಪ್ಪನ ಕೈ ಬಚ್ಚಲಲ್ಲೇ ನಿಂತಿತು. ತನ್ನ ಹಣೆಯ ಸುಕ್ಕನ್ನು ಈ ಹುಡುಗಿ ಎಂದಾದರೂ ಎಣಿಸಿದ್ದಳೇ?

"ಕರೀ ಅಕಿನ್ನ," ಎಂದ ಹೆಂಡತಿಗೆ.

ಹಾಲವ್ವ ರೊಟ್ಟಿ ಬಡಿಯುತ್ತಲೇ ಅಂದಳು, "ಕರದು ಏನ್ ಮಾಡ್ತಿ? ನೀ ಹೇಳಿಕೊಡ್ತೀ ಏನು?"

ಮಾತು ನೆಟ್ಟಗೆ ಎದೆಗೆ ಬಂತು.

ಮರುದಿನ ಸೈಟಿನಲ್ಲಿ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುತ್ತಿದ್ದಾಗ ಜೊತೆಗಾರ ನಿಂಗಣ್ಣ ದಾರ ಎಳೆದು ಹಿಡಿದು ಕೂಗಿದ, "ಅಣವೀರಣ್ಣ, ಲೈನ್ ತಪ್ಪೇತಿ ನೋಡು."

ಅಣವೀರಪ್ಪ ದಾರ ನೋಡಲಿಲ್ಲ, ನಿಂಗಣ್ಣನ ಬಾಯಿ ನೋಡಿದ. ಇಪ್ಪತ್ತು ವರ್ಷದಿಂದ ದಿನಾ ಆಡಿದ ಮಾತು! ಗಟಾರದ ಪೈಪು ಹಾಕುವವರಿಗೆ ಅದು ಲೈನು, ವಾಯರಿನವನಿಗೂ ಲೈನು. ಸುಪರ್‌ವೈಜರ್ ಫೋನ್ ಹಿಡಿದು ಅರಚುವುದು ಲೈನ್ ಸಿಗಲಿಲ್ಲವೆಂದು. ಹಾಲಿನ ಸೆಂಟರಿನಲ್ಲಿ ಲೈನು, ರೇಶನ್ ಅಂಗಡಿಯಲ್ಲಿ ಘಾಸ್ಲೇಟ್ ಎಣ್ಣೆಗೆ ಲೈನು. ಊರಿಂದ ಹೊಸದಾಗಿ ಬಂದವನನ್ನು 'ಯಾವ ಲೈನಿಗೆ ಹಾಕೂಣು' ಎಂದು ಕೇಳುವುದೂ ಅದೇ.

ಹತ್ತಿರ ಕಾಗದವಿರಲಿಲ್ಲ. ಎರಡನೆಯ ಮಾಳಿಗೆಯ ಅಡಿಗೆಖೋಲಿಯ, ಇನ್ನೂ ಸಿಮೆಂಟಿನ ಗಿಲಾವು ಕಾಣದ ಇಟ್ಟಿಗೆಗೋಡೆಯ ಮೇಲೆ ಇದ್ದಿಲಿನಿಂದ ಬರೆಯತೊಡಗಿದ. ಮೂರನೆಯ ಇಯತ್ತೆಯವರೆಗೆ ಕಲಿತ ಅಕ್ಷರ, ಒಂದೊಂದೂ ಅಂಗೈಯಗಲ. ಮೂರು ದಿನ ಸೈಟಿನಲ್ಲಿ ಸಿಕ್ಕವರನ್ನೆಲ್ಲ ಕೇಳಿದ. ನಿಂಗಣ್ಣ ಹಲ್ಲು ಕಿರಿಯುತ್ತ, "ಪೋರಿಗೆ ಲೈನ್ ಹೊಡ್ಯೂದು, ಅದನ್ನ ಬರಕೋ," ಎಂದ.

"ಮಗಳ ವಹಿಗೆ ಬೇಕಾಗೇತಿ, ನಿನ್ನ ಲಗ್ನಪತ್ರಿಕಿಗಲ್ಲ."

ಶುಕ್ರವಾರಕ್ಕೆ ಹದಿನಾಲ್ಕಾದವು. ಆದರೆ ಮನೆಯಲ್ಲಿ ಅವನು ತುಟಿ ಬಿಚ್ಚಲಿಲ್ಲ. ಖೋಲಿಯಲ್ಲಿ ಹೇಳಿದರೆ ಹಲಗೆಯಾಚೆ ಕೇಳಿಸೀತು. ಕೇಳಿಸಿದರೆ ಚೆನ್ನಯ ಅವನ್ನೂ ಬಿಡಿಸಿ ಹೇಳಿ, ತನ್ನವೇ ಮಾಡಿಕೊಂಡಾನು. ಶನಿವಾರ ಮಧ್ಯಾಹ್ನದಿಂದ ಅಣವೀರಪ್ಪನಿಗೆ ನಾಲ್ಕನೆಯ ಮಾಳಿಗೆಯಲ್ಲಿ ಕೆಲಸ, ಎರಡನೆಯದಕ್ಕೆ ಇಳಿಯುವ ಹಾಗಿರಲಿಲ್ಲ. ಇರಲಿ, ರವಿವಾರ ಮಗಳನ್ನೇ ಕರೆತಂದು ಗೋಡೆಯೆದುರು ನಿಲ್ಲಿಸುತ್ತೇನೆ, ನೋಡಲಿ ಅಪ್ಪನ ಡಿಕ್ಷನರಿ ಎಷ್ಟು ಅಗಲ ಐತೆಂದು, ಎಂದುಕೊಂಡ.

ರವಿವಾರ ಬೆಳಿಗ್ಗೆ ಚಂದ್ರವ್ವ ವಹಿ ಎದೆಗವುಚಿಕೊಂಡು ಬಂದಳು. "ಮಾಮಾ ಏಳು ಹೇಳ್ಯಾರ. ಸಂಜಿಗೆ ಸಹಿ ಮಾಡ್ತಾರ," ಎಂದು ದಾರಿಯುದ್ದಕ್ಕೂ ಹೇಳಿದಳು. ಅಣವೀರಪ್ಪ ಮೀಸೆಯೊಳಗೇ ನಕ್ಕ.

ಎರಡನೆಯ ಮಾಳಿಗೆಯ ಅಡಿಗೆಖೋಲಿಯಲ್ಲಿ ಗಿಲಾವಿನ ಸಂಗಪ್ಪ ಗೋಡೆಗೆ ನೀರು ಸಿಂಪಡಿಸುತ್ತಿದ್ದ. ಗೋಡೆ ನುಣ್ಣಗೆ, ಬೂದುಬಣ್ಣಕ್ಕೆ, ಹೊಸ ಗಿಲಾವಿನಿಂದ ಹೊಳೆಯುತ್ತಿತ್ತು. ಒಂದಕ್ಷರವಿಲ್ಲ.

"ಯಾರ್ ಹೇಳಿದ್ರು ನಿನಗ ಇದಕ್ಕ ಗಿಲಾವ್ ಮಾಡಂತ?" ಎಂದು ಅಣವೀರಪ್ಪ ಕೂಗಿದ.

"ನೀನ," ಎಂದ ಸಂಗಪ್ಪ. "ಓಳಂಬದ ಗುಂಡ ಬಿಟ್ಟ ನೋಡಿ ನೆಟ್ಟಗ ಬಂದ ಗ್ವಾಡಿಗೆ ಇದ್ದಲಿ ಗುರ್ತ ಹಾಕ್ತೇನಿ, ಅದನ್ನ ಮೊದಲ ಹಿಡೀರಿ ಅಂತ ಹೇಳಾಂವ ನೀನ ಅಲ್ಲ? ಇದಕ್ಕಂತೂ ತುಂಬಾ ಹಾಕಿದ್ದಿ. ಭಾರೀ ಅರ್ಜಂಟ್ ಇರಬೇಕಂತ ನಿನ್ನೆ ಸಂಜೀಕನ ಮುಗಿಸಿಬಿಟ್ಟೆ. ನನಗೇನ ಓದಾಕ ಬರತೈತೇನು?"

ಹೌದು, ರೂಢಿ ಹಾಕಿದವನು ಅವನೇ. ಗೋಡೆಗೆ ಇದ್ದಿಲು ತಾಗಿದರೆ ಗಿಲಾವು ಎಂದರ್ಥ. ಅಸೂಯೆಯಲ್ಲಿ ಅದೂ ಮರೆತಿತ್ತು. ಒಂದು ಕಾಗದ, ಒಂದು ಮಾತು, ಯಾವುದಾದರೂ ಸಾಕಿತ್ತು.

ಚಂದ್ರವ್ವ ಗೋಡೆ ನೋಡಿದಳು, ಅಪ್ಪನನ್ನು ನೋಡಿದಳು. "ಇಲ್ಲಿ ಏನಿತ್ತಪ್ಪಾ?"

"ನಿನ್ನ ಲೈನ್. ಹದಿನಾಕ್ ಇದ್ದುವು."

"ನೀ ಬರದಿದ್ದೀ?"

ಅವಳ ಪ್ರಶ್ನೆಯಲ್ಲಿದ್ದ ಅಚ್ಚರಿ ಅವನಿಗೆ ಚುಚ್ಚಿತು, ಹಿತವೂ ಆಯಿತು. ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದ; ಒಂದೂ ಹೊಳೆಯಲಿಲ್ಲ. ಬರೆದದ್ದು ನೆನಪಿನಲ್ಲಿ ನಿಲ್ಲುವ ತಲೆ ಅವನದಲ್ಲ, ಮುಟ್ಟಿದ್ದು ನಿಲ್ಲುವ ಕೈ. ಮಗಳ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ. ಅರ್ಧ ಕಟ್ಟಿದ ಗೋಡೆಯ ಎರಡು ತುದಿಗೆ ಬಿಗಿದ ದಾರವನ್ನು ಬೆರಳಿನಿಂದ ಮೀಟಿದ. "ಇದು ಲೈನ್. ಇದು ತಪ್ಪಿದರ ಮನಿ ಸೊಟ್ಟ." ಪೈಪು ತೋರಿಸಿದ, ವಾಯರು ತೋರಿಸಿದ. ಕೆಳಗೆ ಬೀದಿಯಲ್ಲಿ ಹಾಲಿನ ಸೆಂಟರು ಕಾಣುತ್ತಿತ್ತು, ದೂರದಲ್ಲಿ ಲೋಕಲ್ ಹೋಗುತ್ತಿತ್ತು. ಚಂದ್ರವ್ವ ಇಟ್ಟಿಗೆಯ ರಾಶಿಯ ಮೇಲೆ ವಹಿ ಇಟ್ಟು ಬರೆದಳು. ಚೆನ್ನಯ ಹೇಳಿದವನ್ನು ಬಿಟ್ಟು ಒಂಬತ್ತು ಆದವು. ಇನ್ನುಳಿದವು ಗಿಲಾವಿನ ಹಿಂದೆಯೇ ಉಳಿದವು.

"ಹದಿನಾರು," ಎಂದು ಎಣಿಸಿ, ಅವಳು ಪೆನ್ಸಿಲನ್ನು ಅಪ್ಪನ ಕೈಗೆ ಕೊಟ್ಟಳು. "ಸಹಿ ಮಾಡು."

ಅಣವೀರಪ್ಪ ಕೈಯನ್ನು ಅಂಗಿಗೆ ಒರೆಸಿಕೊಂಡು, ಜಾಗವೆಲ್ಲ ತುಂಬುವಷ್ಟು ದೊಡ್ಡದಾಗಿ ತನ್ನ ಹೆಸರು ಬರೆದ. ಪಕ್ಕದಲ್ಲಿ ಮತ್ತೊಂದು ಹೆಸರಿಗೆ ಎಡೆಯಿರಲಿಲ್ಲ. ಅದನ್ನು ಅವನು ಬೇಕೆಂದೇ ಮಾಡಿದ.

ಸಂಜೆ ಚೆನ್ನಯ ಬಾಗಿಲಿಗೆ ಬಂದ. ಇಸ್ತ್ರಿಯ ಅಂಗಿ, ಕೈಯಲ್ಲಿ ಪೆನ್ನು. ಮುಚ್ಚಳ ಆಗಲೇ ತೆಗೆದಿದ್ದ.

"ತಾ ಮಗಾ, ಸಹಿ ಹಾಕುವ."

"ಅಪ್ಪ ಮಾಡ್ಯಾನ, ಮಾಮಾ."

ಚೆನ್ನಯ ವಹಿ ತೆಗೆದುಕೊಂಡು ಓದಿದ. ಬೆರಳು ಎಂಟನೆಯದರಿಂದ ಕೆಳಕ್ಕೆ ನಿಧಾನ ಇಳಿಯಿತು. "ಗೌಂಡಿಯ ದಾರ... ಒಳ್ಳೇದುಂಟು ಮಾರಾಯ್ರೆ. ನಾನು ದಿನವಿಡೀ ಕೌಂಟರಿನ ಹಿಂದೆ ಕೂತವ. ನನಗೆಲ್ಲಿಂದ ಸಿಗಬೇಕು ಇದು?"

ನಗುತ್ತಲೇ ಅಂದ. ಆದರೆ ಪೆನ್ನಿಗೆ ಮುಚ್ಚಳ ಕೂರಿಸಲು ಅವನಿಗೆ ಎರಡು ಸಲ ತಪ್ಪಿತು. ಕಣ್ಣು ಆ ದೊಡ್ಡ ಸಹಿಯ ಮೇಲೆಯೇ ಇತ್ತು. ಆ ನೋಟದ ಗುರುತು ಅಣವೀರಪ್ಪನಿಗೆ ಚೆನ್ನಾಗಿತ್ತು. ಐದು ವಾರ ಕದ್ದು ವಹಿ ತೆಗೆದಾಗ ತಾನು ನೋಡುತ್ತಿದ್ದದ್ದೂ ಹೀಗೆಯೇ. ಹೊಟ್ಟೆ ತಣ್ಣಗಾಗಬೇಕಿತ್ತು. ಅರೆಗಳಿಗೆ ಆಯಿತು ಕೂಡ. ಆಮೇಲೆ ಹಲಗೆಯಾಚೆಯ ಖೋಲಿ ನೆನಪಾಯಿತು. ಅಲ್ಲಿ ಈ ರಾತ್ರಿ ಯಾರೂ ನಗುವುದಿಲ್ಲ.

"ಕುಂದರ್ರಿ ಚೆನ್ನಯನವರ," ಎಂದ ಅಣವೀರಪ್ಪ. "ಚಾ ಕುಡದ ಹೋಗ್ರಿ."

ಹಾಲವ್ವ ಬೆರಗಾಗಿ ಗಂಡನನ್ನು ನೋಡಿ ಸ್ಟೋವಿಗೆ ಪಂಪು ಹೊಡೆಯತೊಡಗಿದಳು. ಚೆನ್ನಯ ಚಾಪೆಯ ಮೇಲೆ ಕೂತು ವಹಿ ಕೆಳಗಿಟ್ಟ. ಅಣವೀರಪ್ಪ ಅದನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡು, ತೊಡೆಯ ಕೆಳಗೆ ಇಟ್ಟುಕೊಂಡು ಕೂತ.